ಕರೆಂಟು ಹೋದಾಗ ಪಾಠ

ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋದದ್ದು ಮೊದಲು ಗೊತ್ತಾಗುವುದು ಕಣ್ಣಿಗಲ್ಲ, ಕಿವಿಗೆ. ನಮ್ಮ ಬೀದಿಯಲ್ಲಿ ಒಂದು ಮನೆ ಬಿಟ್ಟು ಒಂದು ಮನೆಯಲ್ಲಿ ವಿದ್ಯುತ್ ಮಗ್ಗವಿದೆ. ಬೆಳಗಿನಿಂದ ರಾತ್ರಿಯವರೆಗೆ ಆ ಖಟಾಖಟ್ ಸದ್ದಿನಲ್ಲೇ ನಾವು ಉಣ್ಣುತ್ತೇವೆ, ಮಲಗುತ್ತೇವೆ, ಜಗಳವಾಡುತ್ತೇವೆ. ಹೊರಗಿನಿಂದ ಬಂದ ನೆಂಟರು ಮೊದಲ ದಿನ ನಿದ್ದೆಗೆಟ್ಟು ಕೂರುತ್ತಾರೆ. ನಾವೋ, ಸದ್ದು ನಿಂತರೆ ಎಚ್ಚರಗೊಳ್ಳುತ್ತೇವೆ. ಬೀದಿಗೆ ಬೀದಿಯೇ ಒಮ್ಮೆಗೇ ಬಾಯಿ ಮುಚ್ಚಿಕೊಂಡಿತೆಂದರೆ ಕರೆಂಟು ಹೋಯಿತೆಂದೇ ಅರ್ಥ. ಆಮೇಲೆ ಬೇಕಾದರೆ ತಲೆಯೆತ್ತಿ ದೀಪದ ಕಡೆ ನೋಡಬಹುದು.

ಈ ನಿಶ್ಶಬ್ದಕ್ಕೂ ನನ್ನ ವಿಜ್ಞಾನ ಪಾಠಕ್ಕೂ ನಂಟು ಬೆಳೆದದ್ದು 2020ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಮಗ್ಗಗಳೂ ನಿಂತವು. ಜುಲೈ 20ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸೇತುಬಂಧ’ ಎಂಬ ಪಾಠಗಳು ಬರತೊಡಗಿದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಶುರುವಾಯಿತು. ಮಕ್ಕಳು ಶಾಲೆಗೆ ಬರುವಂತಿಲ್ಲ, ಮೇಷ್ಟ್ರೇ ಮಕ್ಕಳಿದ್ದಲ್ಲಿಗೆ ಹೋಗಬೇಕು. ಗುಡಿಯ ಜಗಲಿ, ಅರಳಿಕಟ್ಟೆ, ಸಮುದಾಯ ಭವನ, ಎಲ್ಲಿ ನೆರಳುಂಟೋ ಅಲ್ಲಿ ತರಗತಿ. ಫೋನೇ ಇಲ್ಲದವರು, ಫೋನಿದ್ದೂ ಇಂಟರ್‌ನೆಟ್ ಇಲ್ಲದವರು, ಎರಡೂ ಇರುವವರು ಎಂದು ಮಕ್ಕಳನ್ನು ವಿಂಗಡಿಸಿ ಪಟ್ಟಿ ಮಾಡಿದ್ದೆವು. ಪಟ್ಟಿ ಮಾಡುವಾಗ ಒಂದು ಸತ್ಯ ತಿಳಿಯಿತು. ‘ಎರಡೂ ಇರುವವರ’ ಮನೆಯಲ್ಲೂ ಇರುವುದು ಒಂದೇ ಫೋನು, ಅದು ಇರುವುದು ಅಪ್ಪನ ಜೇಬಿನಲ್ಲಿ.

ಅರಳಿಕಟ್ಟೆಯ ಮೇಲೆ ನಿಂತು ಗಣಿತ ಹೇಳಬಹುದು, ಕನ್ನಡ ಹೇಳಬಹುದು. ಪ್ರಯೋಗ ತೋರಿಸುವುದು ಕಷ್ಟ. ನಾನು ಪ್ರನಾಳ ಹಿಡಿದು ನಿಂತರೆ ಅಂತರ ಕಾಯ್ದು ಕುಳಿತ ಹಿಂದಿನ ಮಕ್ಕಳಿಗೆ ಕಾಣುವುದು ನನ್ನ ಮುಖಗವಸು ಮಾತ್ರ. ಹಾಗಾಗಿ ಪ್ರಯೋಗಗಳನ್ನು ಮನೆಯಲ್ಲೇ ಮಾಡಿ, ಫೋನಿನಲ್ಲಿ ವೀಡಿಯೊ ಹಿಡಿದು, ಅಪ್ಪಂದಿರ ಜೇಬಿಗೆ ಕಳಿಸೋಣವೆಂದು ಹೊರಟೆ. ಐವತ್ತು ದಾಟಿದವನಿಗೆ ಇಂಥ ಉಮೇದು ಬರುವುದು ಅಪರೂಪ. ಬಂದಾಗ ಮನೆಯವರು ಸ್ವಲ್ಪ ಅನುಭವಿಸಬೇಕಾಗುತ್ತದೆ.

ಮೊದಲ ವೀಡಿಯೊ ಹಿಡಿದು ಕೇಳಿದೆವು. ನನ್ನ ತುಟಿ ಅಲ್ಲಾಡುತ್ತಿದೆ, ಸದ್ದು ಮಾತ್ರ ಖಟಾಖಟ್. ಅಷ್ಟರಲ್ಲಿ ಮಗ್ಗಗಳು ಮತ್ತೆ ಓಡತೊಡಗಿದ್ದವು. “ಪಾಠ ಯಾರದ್ದು, ಮಗ್ಗದ್ದೋ ನಿಮ್ಮದೋ?” ಎಂದಳು ಮನೆಯವಳು. ಬೀದಿಯವರಿಗೆ ನಿಲ್ಲಿಸಿ ಎನ್ನಲು ಬಾಯಿ ಬರಲಿಲ್ಲ. ತಿಂಗಳುಗಟ್ಟಲೆ ಕೂಲಿಯಿಲ್ಲದೆ ಕುಳಿತವರು ಈಗಷ್ಟೇ ಲಾಳಿ ಓಡಿಸುತ್ತಿದ್ದಾರೆ. ಅವರ ಮಕ್ಕಳೇ ನನ್ನ ವಿದ್ಯಾರ್ಥಿಗಳು. ಅಪ್ಪನ ಅನ್ನ ನಿಲ್ಲಿಸಿ ಮಗಳಿಗೆ ಪಾಠ ಹೇಳುವುದೆಂದರೇನು?

ಹಾಗಾದರೆ ಮಗ್ಗ ತಾನಾಗಿಯೇ ನಿಲ್ಲುವ ಹೊತ್ತು ಯಾವುದು? ಕರೆಂಟು ಹೋದಾಗ. ಆಗ ನಮ್ಮ ಬೀದಿ ಆಕಾಶವಾಣಿಯ ಸ್ಟುಡಿಯೊದಷ್ಟು ಶಾಂತ. ಆದರೆ ಆಗ ಬೆಳಕೂ ಇಲ್ಲ. ಹಗಲು ಹೊತ್ತು ನಾನು ಅರಳಿಕಟ್ಟೆಯಲ್ಲಿರುತ್ತೇನೆ, ಮನೆ ಸೇರುವುದು ಸಂಜೆಗೆ. ನನ್ನ ಕೋಣೆಯ ಕಿಟಕಿಯೋ, ಒಂದೂವರೆ ಅಡಿ ದೂರದ ಪಕ್ಕದ ಮನೆಯ ಗೋಡೆಯನ್ನು ದಿಟ್ಟಿಸುತ್ತಿದೆ. ಬೆಳಕಿದ್ದರೆ ಗದ್ದಲ, ಶಾಂತಿಯಿದ್ದರೆ ಕತ್ತಲು. ಈ ಇಕ್ಕಟ್ಟಿನಿಂದಲೇ ನನ್ನ ಮನೆಗೆ ಅಂಗೈಯಗಲದ ಒಂದು ಎಲ್‌.ಇ.ಡಿ. ದೀಪ ಬಂದದ್ದು.

ವೀಡಿಯೊ ದೀಪ ಎಂದೊಡನೆ ನನ್ನ ವಯಸ್ಸಿನವರಿಗೆ ನೆನಪಾಗುವುದು ಬೆವರು. ನನ್ನ ಮದುವೆ 1997ರಲ್ಲಿ ಘಾಟಿ ಸುಬ್ರಹ್ಮಣ್ಯದಲ್ಲಿ ಆಯಿತು. ವೀಡಿಯೊದವರ ಜೊತೆ ಒಬ್ಬ ಹುಡುಗ ಬಂದಿದ್ದ. ಅವನ ಕೆಲಸ ಒಂದೇ, ಸಾವಿರ ವ್ಯಾಟಿನ ಹ್ಯಾಲೊಜೆನ್ ದೀಪವನ್ನು ತಲೆಯ ಮೇಲೆತ್ತಿ ಹಿಡಿದು, ಉದ್ದನೆಯ ವೈರು ಎಳೆದುಕೊಂಡು ಕ್ಯಾಮರಾದ ಹಿಂದೆ ಹಿಂದೆ ಓಡಾಡುವುದು. ಮಾಂಗಲ್ಯಧಾರಣೆಯ ಹೊತ್ತಿಗೆ ಸರಿಯಾಗಿ ದೀಪ ಹಾಕಿದ. ಛತ್ರದ ಫ್ಯೂಸು ಹಾರಿತು. ಗಟ್ಟಿಮೇಳ ಕತ್ತಲಲ್ಲೇ ಆಯಿತು. ಮತ್ತೆ ಫ್ಯೂಸು ಕಟ್ಟಿ, ತಾಳಿಯನ್ನು ಇನ್ನೊಮ್ಮೆ ಮುಟ್ಟಿ ತೋರಿಸಿ ‘ಶೂಟಿಂಗ್’ ಮುಗಿಸಿದರು. ಆ ಕ್ಯಾಸೆಟ್ಟಿನಲ್ಲಿ ನಾನು, ನನ್ನವಳು, ಪುರೋಹಿತರು ಎಲ್ಲರೂ ಅರ್ಧ ಕಣ್ಣು ಮುಚ್ಚಿಕೊಂಡೇ ಇದ್ದೇವೆ. ಹ್ಯಾಲೊಜೆನ್ ದೀಪ ನುಂಗುವ ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೋಗುತ್ತದೆ ಎಂದು ನಾನು ತರಗತಿಯಲ್ಲಿ ಹೇಳುವಾಗ ಈ ಮದುವೆಯ ಶಾಖವೂ ನೆನಪಿಗೆ ಬರುತ್ತದೆ.

ಲೆಕ್ಕ ಹಾಕಿ ನೋಡೋಣ. ಹ್ಯಾಲೊಜೆನ್ ದೀಪ ಒಂದು ವ್ಯಾಟಿಗೆ ಸುಮಾರು 20 ಲ್ಯೂಮೆನ್ ಬೆಳಕು ಕೊಡುತ್ತದೆ. ಸಾವಿರ ವ್ಯಾಟಿಗೆ 20,000 ಲ್ಯೂಮೆನ್ ಆಯಿತು. ಎಲ್‌.ಇ.ಡಿ. ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆನ್ನಿ. ಹತ್ತು ವ್ಯಾಟಿನ ಪುಟ್ಟ ದೀಪಕ್ಕೆ 1,000 ಲ್ಯೂಮೆನ್. ಇಪ್ಪತ್ತನೇ ಒಂದು ಪಾಲು. ಇಷ್ಟರಲ್ಲಿ ಹೇಗೆ ಸಾಕಾಗುತ್ತದೆ? ಇಲ್ಲಿ ನಿಮ್ಮ ಪಠ್ಯದ ವಿಲೋಮ ವರ್ಗ ನಿಯಮ ಕೆಲಸಕ್ಕೆ ಬರುತ್ತದೆ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ಆ ಹುಡುಗ ಹ್ಯಾಲೊಜೆನ್ ದೀಪವನ್ನು ಹತ್ತು ಅಡಿ ದೂರದಲ್ಲಿ ಹಿಡಿಯಲೇಬೇಕಿತ್ತು, ಹತ್ತಿರ ತಂದರೆ ವಧುವಿನ ಮೊಗ್ಗಿನ ಜಡೆ ಬಾಡುತ್ತಿತ್ತು. ಎಲ್‌.ಇ.ಡಿ.ಯನ್ನು ಎರಡೂವರೆ ಅಡಿಗೆ ತರಬಹುದು. ದೂರ ನಾಲ್ಕನೇ ಒಂದು, ಬೆಳಕು ಹದಿನಾರು ಪಟ್ಟು. ಮಿಕ್ಕದ್ದನ್ನು ಇಂದಿನ ಕ್ಯಾಮರಾಗಳ ಸೂಕ್ಷ್ಮತೆ ತುಂಬಿಕೊಡುತ್ತದೆ. ನಿಯಮ ಅಕ್ಷರಶಃ ಸಲ್ಲುವುದು ಬಿಂದುವಿನಂಥ ದೀಪಕ್ಕೆ, ಹಲಗೆಯಂಥ ದೀಪಕ್ಕೆ ತೀರ ಹತ್ತಿರದಲ್ಲಿ ಸ್ವಲ್ಪ ತಪ್ಪುತ್ತದೆ. ಆ ತಪ್ಪನ್ನು ಬೇಕಾದವರು ಅಳೆದು ನೋಡಬಹುದು, ಫೋನಿನಲ್ಲಿ ಬೆಳಕು ಅಳೆಯುವ ಆ್ಯಪ್‌ಗಳಿವೆ.

ನಾನು ಮೊದಲು ಕೊಂಡದ್ದು ಆರುನೂರು ರೂಪಾಯಿಯ ದೀಪ. ಫೋನಿನ ನೆತ್ತಿಗೆ ಸಿಕ್ಕಿಸುವಂಥದ್ದು, ಒಳಗೇ ಬ್ಯಾಟರಿ. ಹಾಕಿದರೆ ಕಣ್ಣು ಕೋರೈಸುವಷ್ಟು ಬೆಳಕು. ಸಂಭ್ರಮಪಟ್ಟೆ. ಅದರಲ್ಲಿ ಹಿಡಿದ ಒಂದು ಪ್ರಯೋಗದ ಕಥೆಯನ್ನೇ ನಾನು ಹೇಳಹೊರಟದ್ದು.

ಹತ್ತನೇ ತರಗತಿಯವರಿಗೆ ಗೊತ್ತು, ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’ ಪಾಠದಲ್ಲಿ ಕಬ್ಬಿಣದ ಮೊಳೆಯ ಪ್ರಯೋಗವಿದೆ. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಮೊಳೆಯನ್ನು ಸುಮಾರು ಇಪ್ಪತ್ತು ನಿಮಿಷ ಮುಳುಗಿಸಿಡಬೇಕು. ಕಬ್ಬಿಣ ತಾಮ್ರಕ್ಕಿಂತ ಚುರುಕಾದ ಲೋಹ. ಅದು ತಾಮ್ರವನ್ನು ದ್ರಾವಣದಿಂದ ಹೊರದಬ್ಬಿ ತಾನು ಅಲ್ಲಿ ಸೇರಿಕೊಳ್ಳುತ್ತದೆ. ಹೊರಬಿದ್ದ ತಾಮ್ರ ಮೊಳೆಯ ಮೇಲೆ ಕಂದು ಲೇಪವಾಗಿ ಕೂರುತ್ತದೆ. ದ್ರಾವಣದ ನೀಲಿ ಮಾಸುತ್ತಾ ತಿಳಿ ಹಸಿರಿನ ಕಡೆಗೆ ತಿರುಗುತ್ತದೆ. ಇದಕ್ಕೆ ಸ್ಥಾನಪಲ್ಲಟ ಕ್ರಿಯೆ ಎಂದು ಹೆಸರು.

ಒಂದು ರಾತ್ರಿ ಮಗ್ಗದವರು ಊಟಕ್ಕೆದ್ದಾಗ ಸದ್ದು ನಿಂತಿತು. ತಡಮಾಡದೆ ಮೊದಲ ಭಾಗ ಹಿಡಿದೆ. ಕೋಣೆಯಲ್ಲಿದ್ದುದು ನೂರು ವ್ಯಾಟಿನ ಹಳೆಯ ತಂತಿ ಬಲ್ಬು. “ಮಕ್ಕಳೇ, ಮೊದಲು ದ್ರಾವಣದ ಬಣ್ಣ ನೋಡಿಕೊಳ್ಳಿ” ಎಂದೆ. ಮೊಳೆ ಇಳಿಬಿಟ್ಟೆ. ಇಪ್ಪತ್ತು ನಿಮಿಷ ಕಾಯುತ್ತಿರುವಾಗಲೇ ಕರೆಂಟು ಹೋಯಿತು. ನನ್ನ ಜನ್ಮದಲ್ಲಿ ಕರೆಂಟು ಹೋದದ್ದಕ್ಕೆ ಅಷ್ಟು ಖುಷಿಪಟ್ಟದ್ದಿಲ್ಲ. ಆರುನೂರು ರೂಪಾಯಿಯ ದೀಪ ಹಾಕಿ, ಆ ಅದ್ಭುತ ನಿಶ್ಶಬ್ದದಲ್ಲಿ ಎರಡನೇ ಭಾಗ ಹಿಡಿದೆ. “ಈಗ ಏನಾಗಿದೆ ನೋಡಿ. ಪುಸ್ತಕದಲ್ಲಿರುವುದನ್ನು ಉರು ಹೊಡೆಯಬೇಡಿ, ಕಣ್ಣಿಗೆ ಕಂಡದ್ದನ್ನೇ ಬರೆಯಿರಿ” ಎಂದು ಗಂಭೀರವಾಗಿ ಹೇಳಿ ಮುಗಿಸಿದೆ. ಎರಡೂ ತುಣುಕು ಜೋಡಿಸಿ ರಾತ್ರಿಯೇ ಕಳಿಸಿಬಿಟ್ಟೆ. ತಿರುಗಿ ನೋಡಲಿಲ್ಲ. ನನ್ನ ಕಣ್ಣೆದುರೇ ಆದ ಪ್ರಯೋಗವಲ್ಲವೇ, ನೋಡುವುದೇನು?

ಅಕ್ಟೋಬರ್‌ನಲ್ಲಿ ವಿದ್ಯಾಗಮವೂ ನಿಂತಿತು. 2021ರ ಜನವರಿ 1ರಂದು ಹತ್ತನೇ ತರಗತಿ ಮತ್ತೆ ತೆರೆಯಿತು. ಆ ತಿಂಗಳ ಕೊನೆಗೆ ಒಂದು ಕಿರುಪರೀಕ್ಷೆ ಕೊಟ್ಟೆ. ಮೊಳೆಯ ಪ್ರಶ್ನೆಗೆ ಎರಡು ಅಂಕ. ಬಹುತೇಕ ಎಲ್ಲರೂ ಒಂದೇ ಮಾತಿನಲ್ಲಿ, ಗೈಡಿನ ಮಾತಿನಲ್ಲಿ, ಸರಿಯಾಗಿ ಬರೆದಿದ್ದರು. ಒಬ್ಬಳು ಮಾತ್ರ ಬರೆದಿದ್ದಳು: ಮೊಳೆಯ ಮೇಲೆ ಕಂದು ಬಣ್ಣ ಬಂದಿತು, ಹಸಿರಾಗಿದ್ದ ದ್ರಾವಣ ನೀಲಿಯಾಯಿತು.

ನಾನು ಕೆಂಪು ಶಾಯಿಯಲ್ಲಿ ಅಡ್ಡಗೀಟು ಹಾಕಿ ಪಕ್ಕದಲ್ಲಿ ‘ತಲೆಕೆಳಗು’ ಎಂದು ಬರೆದೆ. ಅಷ್ಟಕ್ಕೇ ಬಿಡಬಹುದಿತ್ತು. ಉತ್ತರಪತ್ರಿಕೆ ಹಂಚುವಾಗ ತರಗತಿಗೆ ಓದಿಯೂ ಹೇಳಿದೆ. ಮಕ್ಕಳು ನಕ್ಕರು. ನಾನೂ ನಕ್ಕೆ. ಅವಳು ತಲೆತಗ್ಗಿಸಿ ಕುಳಿತಳು, ಏನೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಅಪ್ಪ ಶಾಲೆಗೆ ಬಂದರು. ನೇಯ್ಗೆಯವರು, ನನಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದು. ಜಗಳಕ್ಕೆ ಬಂದವರ ಹಾಗೆ ಕಾಣಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು, ಜೇಬಿನಿಂದ ಫೋನು ತೆಗೆದು ನನ್ನ ಮುಂದಿಟ್ಟರು. “ಸಾರ್, ಮಗಳು ರಾತ್ರಿ ಊಟ ಮಾಡಲಿಲ್ಲ. ನೀವೇ ತೋರಿಸಿದ್ದು ಅಂತಾಳೆ. ಒಂದ್ಸಲ ನೋಡಿಬಿಡಿ.”

ನೋಡಿದೆ. ನನ್ನದೇ ದನಿ, ನನ್ನದೇ ಕೈ. ಮೊದಲ ತುಣುಕಿನಲ್ಲಿ ಬಲ್ಬಿನ ಹಳದಿ ಬೆಳಕಿನ ಕೆಳಗೆ ತಾಮ್ರದ ಸಲ್ಫೇಟ್ ಹಸಿರು ಹಸಿರಾಗಿ ನಿಂತಿದೆ. ಎರಡನೆಯದರಲ್ಲಿ, ಎಲ್‌.ಇ.ಡಿ. ಬೆಳಕಿನಲ್ಲಿ, ಮಾಸಿದ ದ್ರಾವಣ ನೀಲಿಯಾಗಿ ಹೊಳೆಯುತ್ತಿದೆ. “ಕಣ್ಣಿಗೆ ಕಂಡದ್ದನ್ನೇ ಬರೆಯಿರಿ” ಎನ್ನುತ್ತಿದ್ದೇನೆ. ತರಗತಿಯಲ್ಲಿ ಆ ಮಾತನ್ನು ಪಾಲಿಸಿದವಳು ಅವಳೊಬ್ಬಳು.

ನಾನು ಏನೋ ವಿವರಿಸಲು ಹೊರಟೆ. ಅವರೇ ಮೆಲ್ಲಗೆ ಹೇಳಿದರು. “ನನಗೆ ವಿಜ್ಞಾನ ಗೊತ್ತಿಲ್ಲ ಸಾರ್. ಆದ್ರೆ ನೂಲಿನ ಬಣ್ಣನ ಟ್ಯೂಬ್‌ಲೈಟ್ ಕೆಳಗೆ ನೋಡಿ ತಂದ್ರೆ ನಾವೂ ಹಿಂಗೇ ಮೋಸ ಹೋಗ್ತೀವಿ. ಸೆರಗು ಒಂಥರ, ಒಡಲು ಒಂಥರ ಆಗಿ ಸೀರೆ ವಾಪಸ್ ಬರುತ್ತೆ. ಬಿಸಿಲಿಗೆ ಹಿಡಿದೇ ನೋಡ್ಬೇಕು.”

ಬಿ.ಎಸ್ಸಿ., ಬಿ.ಎಡ್. ಮುಗಿಸಿ ಇಪ್ಪತ್ತೈದು ವರ್ಷ ಬೆಳಕಿನ ಪಾಠ ಮಾಡಿದವನು ನಾನು. ಆ ದಿನ ಆ ಪಾಠ ಕೇಳಿಸಿಕೊಂಡವನೂ ನಾನೇ. ಸೀರೆ ಅಂಗಡಿಯಲ್ಲಿ ನಮ್ಮ ಹೆಂಗಸರು ಸೀರೆಯನ್ನು ಬಾಗಿಲವರೆಗೆ ಎಳೆದೊಯ್ದು ಹೊರಗಿನ ಬೆಳಕಿಗೆ ಹಿಡಿದು ನೋಡುವುದನ್ನು ಕಂಡು ಎಷ್ಟು ಸಲ ರೇಗಿದ್ದೇನೋ.

ಏನಾಗಿತ್ತು ಎಂಬುದನ್ನು ಸಾವಕಾಶವಾಗಿ ಕೂತು ಬಿಡಿಸಿಕೊಂಡೆ. ತಾಮ್ರದ ಸಲ್ಫೇಟ್ ದ್ರಾವಣ ಕೆಂಪು ಬೆಳಕನ್ನು ಹೀರಿ, ನೀಲಿಯನ್ನೂ ಸ್ವಲ್ಪ ಹಸಿರನ್ನೂ ಹಾಯಗೊಡುತ್ತದೆ. ತಂತಿ ಬಲ್ಬಿನ ಬೆಳಕಿನಲ್ಲಿ ಕೆಂಪು, ಹಳದಿ ಧಾರಾಳ, ನೀಲಿ ಬಡವ. ಇಲ್ಲದ ನೀಲಿಯನ್ನು ದ್ರಾವಣವಾದರೂ ಎಲ್ಲಿಂದ ತಂದು ತೋರಿಸೀತು? ಹಸಿರು ಮುಂದಾಯಿತು. ಅಗ್ಗದ ಎಲ್‌.ಇ.ಡಿ.ಯಲ್ಲಿ ಇದಕ್ಕೆ ತದ್ವಿರುದ್ಧ, ನೀಲಿ ಮಿತಿಮೀರಿತ್ತು. ಅದರ ಮೇಲೆ ಫೋನಿನ ಬುದ್ಧಿವಂತಿಕೆ ಬೇರೆ. ಪ್ರತಿ ಸಲ ಅದು ‘ಇಲ್ಲಿ ಬಿಳಿ ಯಾವುದು’ ಎಂದು ತಾನೇ ಊಹಿಸಿ ಉಳಿದ ಬಣ್ಣಗಳನ್ನು ಹೊಂದಿಸುತ್ತದೆ. ನನ್ನ ಚೌಕಟ್ಟಿನಲ್ಲಿ ಬಿಳಿಯದೆಂಬ ವಸ್ತು ಒಂದೂ ಇರಲಿಲ್ಲ, ಅದು ಎರಡು ಸಲ ಎರಡು ರೀತಿ ಊಹಿಸಿತು. ನಮ್ಮ ಕಣ್ಣು, ಮಿದುಳು ಕೂಡ ಹೀಗೇ ಹೊಂದಿಸಿಕೊಳ್ಳುತ್ತವೆ, ನಮಗೆ ಅರಿವಿಲ್ಲದಷ್ಟು ನಯವಾಗಿ. ಅದಕ್ಕೇ ಎದುರಿಗೆ ನಿಂತ ನನಗೆ ಎರಡೂ ಸಲ ಸರಿಯಾಗಿಯೇ ಕಂಡಿತ್ತು. ನೀಲಿ ಎಂದು ಮೊದಲೇ ಗೊತ್ತಿದ್ದವನಿಗೆ ನೀಲಿಯೇ ಕಂಡಿತು ಎಂದರೂ ತಪ್ಪಿಲ್ಲ.

ಎಲ್‌.ಇ.ಡಿ.ಯಲ್ಲಿ ನೀಲಿ ಹೆಚ್ಚೇಕೆ ಎನ್ನುವುದಕ್ಕೂ ಒಂದು ಚರಿತ್ರೆಯಿದೆ. ಕಣ್ಣಿಗೆ ಕಾಣುವ ಕೆಂಪು ಎಲ್‌.ಇ.ಡಿ.ಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ ಮಾಡಿದ್ದು 1962ರಲ್ಲಿ. ಪ್ರಖರವಾದ ನೀಲಿಗಾಗಿ ಜಗತ್ತು ಮತ್ತೆ ಮೂವತ್ತು ವರ್ಷ ಕಾಯಬೇಕಾಯಿತು. 1990ರ ದಶಕದ ಆರಂಭದಲ್ಲಿ ಅದನ್ನು ಸಾಧಿಸಿದ ಜಪಾನಿನ ಅಕಾಸಾಕಿ, ಅಮಾನೊ ಮತ್ತು ಅಲ್ಲೇ ಹುಟ್ಟಿ ಅಮೆರಿಕ ಸೇರಿದ ನಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಇಂದಿನ ‘ಬಿಳಿ’ ಎಲ್‌.ಇ.ಡಿ. ನಿಜಕ್ಕೂ ನೀಲಿ ಎಲ್‌.ಇ.ಡಿ.ಯೇ. ಅದರ ಮೇಲೆ ಹಳದಿ ಸೂಸುವ ಫಾಸ್ಫರ್ ಬಳಿದಿರುತ್ತಾರೆ. ಒಂದಿಷ್ಟು ನೀಲಿ ಹಳದಿಯಾಗಿ ಮಾರ್ಪಟ್ಟು, ಉಳಿದ ನೀಲಿಯ ಜೊತೆ ಬೆರೆತು ಕಣ್ಣಿಗೆ ಬಿಳಿಯೆನಿಸುತ್ತದೆ. ಅಗ್ಗದ ದೀಪಗಳಲ್ಲಿ ಕಡುಗೆಂಪು ಕಡಿಮೆ, ನೀಲಿಗೂ ಹಸಿರಿಗೂ ನಡುವೆ ಒಂದು ಹಳ್ಳ.

ಆ ಹಳ್ಳವನ್ನು ನೀವೇ ನೋಡಬಹುದು. ಅಟ್ಟದ ಮೇಲೆ ಹಳೆಯ ಸಿ.ಡಿ. ಇದ್ದರೆ ತೆಗೆಯಿರಿ. ಕತ್ತಲ ಕೋಣೆಯಲ್ಲಿ ಒಂದೇ ದೀಪ ಹಚ್ಚಿ, ಸಿ.ಡಿ.ಯನ್ನು ಓರೆಯಾಗಿ ಹಿಡಿದು ಅದರಲ್ಲಿ ಮೂಡುವ ಬಣ್ಣದ ಪಟ್ಟಿ ನೋಡಿ. ತಂತಿ ಬಲ್ಬಿನ ಪಟ್ಟಿ ಎಲ್ಲೂ ಕಡಿಯದ ಕಾಮನಬಿಲ್ಲು. ಸಿ.ಎಫ್‌.ಎಲ್. ಆದರೆ ಬಿಡಿಬಿಡಿ ಬಣ್ಣದ ತುಂಡುಗಳು. ಅಗ್ಗದ ಎಲ್‌.ಇ.ಡಿ.ಯಲ್ಲಿ ಗಾಢ ನೀಲಿ, ಆಮೇಲೆ ಮಂಕು, ಆಮೇಲೆ ಹಸಿರು ಹಳದಿಯ ದಿಬ್ಬ. ಹೋಂವರ್ಕ್ ಎಂದು ಹೇಳದಿದ್ದರೆ ಮಕ್ಕಳು ಇದನ್ನು ಒಂದು ಗಂಟೆ ಆಡುತ್ತಾರೆ. ಸೂರ್ಯನನ್ನು ಮಾತ್ರ ಸಿ.ಡಿ.ಯಲ್ಲೂ ನೋಡಬೇಡಿ.

ಇಷ್ಟಾದ ಮೇಲೆ ನಾನು ಬಸ್‌ ನಿಲ್ದಾಣದ ಹತ್ತಿರ ಸ್ಟುಡಿಯೊ ಇಟ್ಟುಕೊಂಡಿರುವ ಹಳೆಯ ವಿದ್ಯಾರ್ಥಿಯೊಬ್ಬನ ಬಳಿ ಹೋದೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲೇ ಎಡವಿ, ಎರಡನೇ ಸಲಕ್ಕೆ ಪಾಸಾದವನು. ನನ್ನ ದೀಪವನ್ನು ಹಾಕಿ ಅದರ ಮುಂದೆ ತನ್ನ ಅಂಗೈ ಹಿಡಿದ. “ನೋಡಿ ಸಾರ್, ಕೈ ಹೆಣದ ಥರ ಕಾಣ್ತಿದೆ. ರಕ್ತಾನೇ ಇಲ್ಲ.” ತನ್ನ ಚೀಲದಿಂದ ಇನ್ನೊಂದು ಪುಟ್ಟ ದೀಪ ತೆಗೆದು ಹಿಡಿದ. ಅಂಗೈ ಅಂಗೈಯಾಯಿತು. ನೂರು ರೂಪಾಯಿ ಉಪಕರಣವೂ ಬೇಡದ ಪರೀಕ್ಷೆ.

ದೀಪದ ಡಬ್ಬಿಯ ಮೇಲೆ ಸಿ.ಆರ್‌.ಐ. ಎಂಬ ಅಂಕ ಇರುತ್ತದೆಂದು ಅವನೇ ತೋರಿಸಿದ. ಬಣ್ಣಗಳನ್ನು ಎಷ್ಟು ನಿಷ್ಠೆಯಿಂದ ತೋರಿಸುತ್ತದೆ ಎಂಬುದಕ್ಕೆ ನೂರರಲ್ಲಿ ಕೊಟ್ಟ ಅಂಕ ಅದು. ವೀಡಿಯೊಗೆ 95ರ ಮೇಲಿರಬೇಕಂತೆ. ಪೆಟ್ಟಿಗೆಯ ಮೇಲೆ ಅಚ್ಚಾದದ್ದೆಲ್ಲ ನಿಜವೇ ಎಂದು ಕೇಳಿದೆ. “ಅದಕ್ಕೇ ಸಾರ್ ಅಂಗೈ” ಎಂದ. ಇಲ್ಲೊಂದು ತಮಾಷೆಯಿದೆ. ನನ್ನನ್ನು ಮೊದಲು ಮೋಸಗೊಳಿಸಿದ ಆ ತಂತಿ ಬಲ್ಬಿಗೆ ಈ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ನೂರಕ್ಕೆ ನೂರು! ಏಕೆಂದರೆ ಈ ಅಂಕ ಕೊಡುವಾಗ ಅದನ್ನು ಅಷ್ಟೇ ಹಳದಿಯಾದ ಆದರ್ಶ ಬೆಳಕಿನ ಜೊತೆ ಹೋಲಿಸುತ್ತಾರೆ. ಹಾಗಾಗಿ ಇನ್ನೊಂದು ಸಂಖ್ಯೆಯನ್ನೂ ನೋಡಬೇಕು. ಅದೇ ಬಣ್ಣದ ತಾಪ, ಕೆಲ್ವಿನ್‌ನಲ್ಲಿ. ತಂತಿ ಬಲ್ಬು ಸುಮಾರು 2,700, ಹ್ಯಾಲೊಜೆನ್ 3,200, ನಡುಹಗಲ ಬಿಸಿಲು 5,500ರ ಆಸುಪಾಸು, ನೀಲಿ ಆಕಾಶದ ನೆರಳು ಇನ್ನೂ ಮೇಲೆ. ತಾಪ ಏರಿದಷ್ಟೂ ಬೆಳಕು ‘ತಣ್ಣಗೆ’ ನೀಲಿಯಾಗುತ್ತದೆ ಎಂದರೆ ಮಕ್ಕಳು ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ಕಮ್ಮಾರನ ಕುಲುಮೆಯಲ್ಲಿ ಕೆಂಪಗಿದ್ದ ಕಬ್ಬಿಣ ಮತ್ತೂ ಕಾದಾಗ ಬೆಳ್ಳಗಾಗುವುದನ್ನು ಕಂಡವರಿಗೆ ಅನುಮಾನ ಬರದು. ಈಗ ಕುಲುಮೆ ಕಂಡ ಮಕ್ಕಳೇ ಕಡಿಮೆ.

ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿ ಎರಡೂವರೆ ಸಾವಿರಕ್ಕೆ ಇನ್ನೊಂದು ದೀಪ ತಂದೆ. ಇಂಥವುಗಳಲ್ಲಿ ಬಹಳಷ್ಟು ಬರುವುದು ಚೀನಾದಿಂದ, ಗೊಡಾಕ್ಸ್, ಅಪ್ಯುಚರ್‌ನಂಥ ಹೆಸರುವಾಸಿ ಕಂಪನಿಗಳೆಲ್ಲ ಶೆನ್‌ಜೆನ್ ನಗರದವು. ನನ್ನದು ಅಂಗೈಗಿಂತ ಸ್ವಲ್ಪ ದೊಡ್ಡದು. ಒಳಗೆ ಹಳದಿ ಛಾಯೆಯ, ನೀಲಿ ಛಾಯೆಯ ಎರಡು ಬಗೆ ಎಲ್‌.ಇ.ಡಿ.ಗಳನ್ನು ಪಕ್ಕಪಕ್ಕ ಕೂರಿಸಿದ್ದಾರೆ. ಗುಂಡಿ ತಿರುಗಿಸಿದರೆ ಒಂದು ಏರಿ ಇನ್ನೊಂದು ಇಳಿಯುತ್ತದೆ. ಬ್ಯಾಟರಿ ಹೊರಗಿನಿಂದ ಸಿಕ್ಕಿಸುವಂಥದ್ದು. ಅದರ ಆಕಾರ ನೋಡಿ ಸ್ಟುಡಿಯೊದವನು ನಕ್ಕ. 1990ರ ದಶಕದ ಸೋನಿ ವೀಡಿಯೊ ಕ್ಯಾಮರಾಗಳ ಬ್ಯಾಟರಿಯ ಅಚ್ಚು ಅದು. ಕ್ಯಾಮರಾ ಮೂಲೆಗೆ ಬಿದ್ದರೂ ಬ್ಯಾಟರಿಯ ಅಚ್ಚು ಉಳಿದುಕೊಂಡಿದೆ. 7.4 ವೋಲ್ಟ್, 2.2 ಆಂಪಿಯರ್ ಗಂಟೆ. ಗುಣಿಸಿದರೆ ಸುಮಾರು 16 ವ್ಯಾಟ್ ಗಂಟೆ. ಹತ್ತು ವ್ಯಾಟಿನ ದೀಪ ಒಂದೂವರೆ ಗಂಟೆ ಉರಿಯುತ್ತದೆ. ನಮ್ಮೂರಿನ ಕರೆಂಟು ಹೋಗಿ ಬರುವಷ್ಟಕ್ಕೆ ಧಾರಾಳ.

ಪಾಲಕರಿಗೆ ಒಂದು ಮಾತು. ಆರುನೂರರ ದೀಪದ ಬ್ಯಾಟರಿ ಎಂಟು ತಿಂಗಳಿಗೆ ಊದಿಕೊಂಡು ಹಿಂಬದಿಯ ಮುಚ್ಚಳ ಎಬ್ಬಿಸಿತು. ಲಿಥಿಯಂ ಬ್ಯಾಟರಿ ಊದಿದರೆ ಒಳಗೆ ಅನಿಲ ತುಂಬಿದೆ ಎಂದರ್ಥ. ಚುಚ್ಚಬಾರದು, ಒತ್ತಬಾರದು, ಮತ್ತೆ ಚಾರ್ಜು ಮಾಡಬಾರದು, ಕಸದ ಬುಟ್ಟಿಗೂ ಹಾಕಬಾರದು. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು. ಮಕ್ಕಳು ದಿಂಬಿನ ಪಕ್ಕ ಚಾರ್ಜಿಗೆ ಹಾಕಿ ಮಲಗುವುದನ್ನು ನಿಲ್ಲಿಸಿ.

ಸ್ಟುಡಿಯೊದವನಿಂದ ಕಲಿತದ್ದು ಇನ್ನೂ ಇದೆ. ದೀಪ ಹಾಕಿದಾಗ ವೀಡಿಯೊದಲ್ಲಿ ಕಪ್ಪು ಪಟ್ಟೆಗಳು ಮೆಲ್ಲಗೆ ಹರಿಯುವುದನ್ನು ಕಂಡಿರಬಹುದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತ, ಮನೆಯ ಕಳಪೆ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಫೋನಿನ ಕ್ಯಾಮರಾ 60 ಆವರ್ತದ ದೇಶಕ್ಕೆ ಹೊಂದಿಕೊಂಡಿದ್ದರೆ ತಾಳ ತಪ್ಪಿ ಪಟ್ಟೆ ಬೀಳುತ್ತದೆ. ಸೆಟ್ಟಿಂಗ್‌ನಲ್ಲಿ 50 ಮಾಡಿಕೊಂಡರೆ ಸಾಮಾನ್ಯವಾಗಿ ಹೋಗುತ್ತದೆ. ದೀಪ ಮಿಣುಕುತ್ತದೋ ಎಂದು ತಿಳಿಯಲು ಅದರ ಮುಂದೆ ಪೆನ್ಸಿಲನ್ನು ಬೀಸಿ ನೋಡಿ. ಒಂದು ಪೆನ್ಸಿಲು ಹತ್ತಾಗಿ ಕಂಡರೆ ಮಿಣುಕುತ್ತಿದೆ.

ಪ್ರನಾಳಕ್ಕೆ ಎದುರಿನಿಂದ ದೀಪ ಹಿಡಿದರೆ ಗಾಜಿನಲ್ಲಿ ದೀಪವೇ ಕಾಣುತ್ತದೆ, ಒಳಗಿನ ದ್ರಾವಣ ಕಾಣುವುದಿಲ್ಲ. ಹಿಂದೆ ಒಂದು ಬಿಳಿ ಹಾಳೆ ಇಟ್ಟು, ಹಾಳೆಯ ಹಿಂದಿನಿಂದ ದೀಪ ಹಾಕಬೇಕು. ಮುಖಕ್ಕಾದರೆ ನೇರ ಬೇಡ, ಬಿಳಿ ಥರ್ಮೊಕೋಲಿಗೆ ಹಾಕಿ ಮರಳಿ ಬಂದ ಬೆಳಕು ಮುಖಕ್ಕೆ ಬೀಳಲಿ. ಸತ್ಯಜಿತ್ ರಾಯರ ಛಾಯಾಗ್ರಾಹಕ ಸುಬ್ರತ ಮಿತ್ರ ‘ಅಪರಾಜಿತೊ’ ಚಿತ್ರಕ್ಕೆ ಬಟ್ಟೆ ಕಟ್ಟಿ ಬೆಳಕನ್ನು ಅದರಿಂದ ಪುಟಿಸಿ ಕಾಶಿಯ ಮನೆಯ ಅಂಗಳದ ಬೆಳಕು ತಂದದ್ದೂ ಇದೇ ಉಪಾಯದಿಂದ. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರಂತೂ 1959ರ ‘ಕಾಗಜ್ ಕೇ ಫೂಲ್’ಗೆ ದೊಡ್ಡ ಕನ್ನಡಿಗಳನ್ನಿಟ್ಟು ಹೊರಗಿನ ಸೂರ್ಯನನ್ನೇ ಸ್ಟುಡಿಯೊದೊಳಕ್ಕೆ ಕೋಲಿನಂತೆ ಇಳಿಸಿದರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಪ್ರತಿಫಲನದ ನಿಯಮ ಹೇಳುವಾಗ ಅವರ ಹೆಸರು ಹೇಳದ ಮೇಷ್ಟ್ರು ಒಂದು ಒಳ್ಳೆಯ ಉದಾಹರಣೆ ಕಳೆದುಕೊಳ್ಳುತ್ತಾನೆ. ನಾನು ವರ್ಷಗಟ್ಟಲೆ ಕಳೆದುಕೊಂಡಿದ್ದೆ.

ಈಗ ಮದುವೆಗಳಲ್ಲಿ ವೈರು ಎಳೆದು ಓಡಾಡುವ ಹುಡುಗ ಕಾಣುವುದಿಲ್ಲ. ನಂದಿಬೆಟ್ಟದ ತಪ್ಪಲಿನಲ್ಲಿ ಮದುವೆಗೆ ಮುಂಚಿನ ವೀಡಿಯೊ ಹಿಡಿಯಲು ಹೋಗುವವರು ಹೆಗಲ ಚೀಲದಲ್ಲಿ ನಾಲ್ಕು ದೀಪ ಹಾಕಿಕೊಂಡು ಬೈಕಿನಲ್ಲಿ ಹೋಗಿ ಬರುತ್ತಾರೆ. ಮೊದಲು ಜನರೇಟರು, ಇಬ್ಬರು ಸಹಾಯಕರು ಬೇಕಿತ್ತು ಎನ್ನುತ್ತಾನೆ ನಮ್ಮವನು. ಆ ಇಬ್ಬರು ಈಗೇನು ಮಾಡುತ್ತಾರೆ ಎಂದು ಕೇಳಿದೆ. ಒಬ್ಬ ವಿಮಾನ ನಿಲ್ದಾಣಕ್ಕೆ ಕ್ಯಾಬು ಓಡಿಸುತ್ತಾನಂತೆ, ಇನ್ನೊಬ್ಬನ ಸುದ್ದಿ ಅವನಿಗೂ ತಿಳಿಯದು.

ಆ ಹುಡುಗಿಯ ವಿಷಯ ಬಾಕಿ ಉಳಿಯಿತು. ಅಂದು ಅವಳ ಅಪ್ಪನನ್ನು ಕೂರಿಸಿಕೊಂಡು ಅವಳನ್ನು ಕರೆಸಿದೆ. ಶಾಲೆಯ ವರಾಂಡದಲ್ಲಿ, ಹಗಲ ಬೆಳಕಿನಲ್ಲಿ, ಎರಡು ಪ್ರನಾಳಗಳಲ್ಲಿ ದ್ರಾವಣ ಹಾಕಿ ಒಂದಕ್ಕೆ ಮೊಳೆ ಇಳಿಸಿದೆ. ಇನ್ನೊಂದು ಹೋಲಿಕೆಗೆ ಹಾಗೇ ಇರಲಿ ಎಂದು ಪುಸ್ತಕದಲ್ಲೇ ಇದೆ, ವೀಡಿಯೊ ಹಿಡಿಯುವ ಅವಸರದಲ್ಲಿ ನಾನು ಬಿಟ್ಟಿದ್ದೆ. ಅದನ್ನು ಪಕ್ಕದಲ್ಲಿಟ್ಟಿದ್ದರೆ ಯಾವ ದೀಪದಲ್ಲೂ ವ್ಯತ್ಯಾಸ ಅವಳ ಕಣ್ಣಿಗೆ ಬೀಳುತ್ತಿತ್ತು. ಇಪ್ಪತ್ತು ನಿಮಿಷ ಮೂವರೂ ಕಾದೆವು. ಅವಳು ನೋಡಿದಳು. ಉತ್ತರಪತ್ರಿಕೆ ತೆಗೆದುಕೊಂಡು ‘ತಲೆಕೆಳಗು’ ಎಂಬುದನ್ನು ಹೊಡೆದು ಎರಡಕ್ಕೆ ಎರಡು ಹಾಕಿದೆ. ತರಗತಿಯಲ್ಲಿ ನಕ್ಕದ್ದನ್ನು ಹೊಡೆದುಹಾಕುವ ಶಾಯಿ ನನ್ನ ಬಳಿ ಇರಲಿಲ್ಲ, ತರಗತಿಯ ಎದುರೇ ಹೇಳಬೇಕಾಯಿತು. ಹೇಳಿದೆ. “ಬೋರ್ಡ್ ಪರೀಕ್ಷೆಯಲ್ಲಿ ಯಾವುದು ಬರೀಲಿ ಸಾರ್?” ಎಂದಳು. “ಇವತ್ತು ಕಂಡದ್ದನ್ನ” ಎಂದೆ. ಆ ವರ್ಷದ ಎಸ್ಸೆಸ್ಸೆಲ್ಸಿ ಜುಲೈನಲ್ಲಿ ಎರಡೇ ದಿನ, ಬರೀ ಬಹುಆಯ್ಕೆ ಪ್ರಶ್ನೆಗಳಲ್ಲಿ ಮುಗಿದುಹೋಯಿತು. ಬರೆಯುವ ಪ್ರಶ್ನೆಯೇ ಬರಲಿಲ್ಲ.

ಹಳೆಯ ವೀಡಿಯೊವನ್ನು ನಾನು ಅಳಿಸಿಲ್ಲ. ಬೆಳಕಿನ ಪಾಠಕ್ಕೆ ಈಗ ಅದನ್ನೇ ಮೊದಲು ತೋರಿಸುತ್ತೇನೆ, ಏನು ಕಾಣುತ್ತದೆ ಬರೆಯಿರಿ ಎಂದು. ಹೊಸದನ್ನು ಹಿಡಿಯುವಾಗ ಪ್ರನಾಳದ ಪಕ್ಕ ಒಂದು ಬಿಳಿ ಹಾಳೆ ಇರುತ್ತದೆ, ಫೋನಿನ ‘ಆಟೊ’ ಬಣ್ಣ ಬಂದ್ ಆಗಿರುತ್ತದೆ. ಈಗ ಶಾಲೆ ಎಂದಿನಂತೆ ನಡೆಯುತ್ತಿದೆ, ವೀಡಿಯೊ ಅನಿವಾರ್ಯವೇನಲ್ಲ. ಆದರೂ ಗೈರುಹಾಜರಾದವರಿಗೆ, ಮತ್ತೆ ನೋಡಬೇಕೆನ್ನುವವರಿಗೆ ಇರಲಿ ಎಂದು ವಾರಕ್ಕೊಂದು ಹಿಡಿಯುತ್ತೇವೆ. ಬೀದಿಯ ಇಬ್ಬರು ಒಂಬತ್ತನೇ ತರಗತಿ ಹುಡುಗರು ಸಹಾಯಕ್ಕೆ ಬರುತ್ತಾರೆ, ಒಬ್ಬ ದೀಪಕ್ಕೆ, ಒಬ್ಬ ಫೋನಿಗೆ.

ಮೊನ್ನೆ ಸಂಜೆ ಏಳರ ಹೊತ್ತಿಗೆ ಬೀದಿ ಮೌನವಾಯಿತು. ಎರಡು ನಿಮಿಷದಲ್ಲಿ ಹುಡುಗರು ಬಾಗಿಲಲ್ಲಿದ್ದರು. ದಾಸವಾಳದ ರಸಕ್ಕೆ ಸೋಪಿನ ನೀರು ಹಾಕುವ ಪ್ರಯೋಗ. ಒಬ್ಬ ದೀಪ ಹಾಕಿ, ಹೇಳದೆಯೇ ತನ್ನ ಅಂಗೈಯನ್ನು ಅದರ ಮುಂದೆ ಹಿಡಿದು ನೋಡಿಕೊಂಡ. ಕೆಂಪು ರಸ ಹಸಿರಿಗೆ ತಿರುಗುತ್ತಿತ್ತು. ನಾನು “ಈಗ ನೋಡಿ ಮಕ್ಕಳೇ, ಪ್ರತ್ಯಾಮ್ಲ...” ಎನ್ನುವಷ್ಟರಲ್ಲಿ ಬೀದಿಯ ಆ ತುದಿಯಿಂದ ಒಂದು ಮಗ್ಗ ಖಟ್ ಎಂದಿತು, ಅದರ ಹಿಂದೆ ಇನ್ನೊಂದು, ಆಮೇಲೆ ಬೀದಿಯಿಡೀ. ಫೋನು ಹಿಡಿದ ಹುಡುಗ “ಕಟ್ ಸಾರ್” ಎಂದು ನಕ್ಕು, ಅವರಪ್ಪ ಕೂಗುವ ಮೊದಲೇ ಮನೆಗೆ ಓಡಿದ.